ಹಗಲಿಗೆ ಸೀಟು, ರಾತ್ರಿಗೆ ಬರ್ತ್: ರೈಲು ಟಿಕೆಟ್ ಒಡೆದ್ರೆ ಉಳಿತಾಯವೋ, ನಷ್ಟವೋ?

ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಅಂಗಡಿ ಸಾಲಿನಲ್ಲಿ ದೂರದ ರೈಲು ಪ್ರಯಾಣದ ಮಾತು ಬಂದ್ರೆ ಒಂದು ಪ್ರಶ್ನೆ ಬಂದೇ ಬರುತ್ತೆ. ಹಗಲಿಡೀ ಹೆಂಗೂ ಕೂತೇ ಹೋಗ್ತೀವಿ, ಮಲಗೋದು ರಾತ್ರಿ ಏಳೆಂಟು ತಾಸು ಮಾತ್ರ. ಹಂಗಿದ್ದ ಮೇಲೆ ಪೂರ್ತಿ ದಾರಿಗೆ ಬರ್ತ್ ದುಡ್ಡು ಯಾಕೆ ಕೊಡಬೇಕು? ಹಗಲಿಗೆ ಸೀಟು, ರಾತ್ರಿಗೆ ಬರ್ತ್ ಅಂತ ಎರಡು ಟಿಕೆಟ್ ಜೋಡಿಸಿಕೊಂಡ್ರೆ ಉಳಿಯಲ್ವಾ?

ಪ್ರಶ್ನೆ ಸರಿಯಾಗೇ ಇದೆ. ವ್ಯಾಪಾರ ಮಾಡೋರು ಯಾರಾದ್ರೂ ಹೀಗೇ ಯೋಚನೆ ಮಾಡ್ತಾರೆ. ಆದ್ರೆ ರೈಲ್ವೆಯವರು ದರ ಹಾಕೋದು ನಿದ್ದೆಯ ಲೆಕ್ಕದಲ್ಲಿ ಅಲ್ಲ, ಕಿಲೋಮೀಟರ್ ಮತ್ತು ದರ್ಜೆಯ ಲೆಕ್ಕದಲ್ಲಿ. ಅದಕ್ಕೇ ಒಂದು ಪ್ರಯಾಣದಲ್ಲಿ ದುಡ್ಡು ಉಳಿಸುವ ಉಪಾಯ ಇನ್ನೊಂದರಲ್ಲಿ ಕೈ ಸುಡುತ್ತೆ. ಮೇಲಾಗಿ ಈ ನಾಲ್ಕೈದು ವರ್ಷದಲ್ಲಿ ರೈಲುಗಳ ಸ್ವರೂಪವೇ ಬದಲಾಗ್ತಾ ಇದೆ. ಕೂರೋರ ರೈಲು ಬೇರೆ, ಮಲಗೋರ ರೈಲು ಬೇರೆ ಆಗ್ತಾ ಇದೆ. ಸೀಟು, ಬರ್ತ್ ಎರಡನ್ನೂ ಜೋಡಿಸುವ ಕೆಲಸ ಇಷ್ಟು ದಿನ ರೈಲ್ವೆಯದ್ದಾಗಿತ್ತು, ಈಗ ಅದು ನಿಧಾನವಾಗಿ ಪ್ರಯಾಣಿಕನ ತಲೆ ಮೇಲೆ ಬರ್ತಾ ಇದೆ. ಇದರಲ್ಲಿ ಯಾರಿಗೆ ಲಾಭ, ಯಾರಿಗೆ ನಷ್ಟ ಅನ್ನೋದನ್ನ ನಮ್ಮ ದಾರಿಯ ಉದಾಹರಣೆ ಇಟ್ಕೊಂಡೇ ನೋಡೋಣ.

ಒಂದೇ ಬರ್ತ್, ಎರಡು ಕೆಲಸ

ಸ್ಲೀಪರ್ ಬೋಗಿಯಲ್ಲಿ ಸೀಟು, ಬರ್ತ್ ಅಂತ ಬೇರೆ ಬೇರೆ ಇಲ್ಲ. ಒಂದೇ ಹಲಗೆ ಹಗಲು ಮೂರು ಜನರ ಸೀಟು, ರಾತ್ರಿ ಒಬ್ಬರ ಹಾಸಿಗೆ. ಹಳೇ ಮಾದರಿಯ ಸ್ಲೀಪರ್ ಬೋಗಿಯಲ್ಲಿ 72 ಬರ್ತ್ ಇರ್ತಾವೆ, ಹೊಸ ಎಲ್‌ಎಚ್‌ಬಿ ಬೋಗಿಯಲ್ಲಿ 80. ರೈಲ್ವೆ ನಿಯಮದ ಪ್ರಕಾರ ಮಲಗುವ ಸಮಯ ರಾತ್ರಿ 10ರಿಂದ ಬೆಳಿಗ್ಗೆ 6. ಮೊದಲು ಇದು ರಾತ್ರಿ 9ಕ್ಕೇ ಶುರು ಆಗ್ತಿತ್ತು, 2017ರಲ್ಲಿ ಒಂದು ತಾಸು ಕಡಿಮೆ ಮಾಡಿದ್ರು. ಉಳಿದ ಹೊತ್ತಿನಲ್ಲಿ ಕೆಳಗಿನ ಬರ್ತ್‌ನವರು ಮಧ್ಯದವರಿಗೆ, ಮೇಲಿನವರಿಗೆ ಕೂರೋಕೆ ಜಾಗ ಕೊಡಬೇಕು. ಸೈಡ್ ಲೋವರ್‌ನವರು ಸೈಡ್ ಅಪ್ಪರ್‌ನವರಿಗೆ ಕೊಡಬೇಕು. ಗರ್ಭಿಣಿಯರು, ಕಾಯಿಲೆ ಇದ್ದೋರು, ಅಂಗವಿಕಲರು ಇದ್ರೆ ಹೊಂದಾಣಿಕೆ ಮಾಡ್ಕೊಳ್ಳಿ ಅಂತ ನಿಯಮವೇ ಹೇಳುತ್ತೆ.

ಅಂದ್ರೆ ಸ್ಲೀಪರ್ ಟಿಕೆಟ್ ಅನ್ನೋದೇ ಸೀಟು ಮತ್ತು ಬರ್ತ್‌ನ ಜೋಡಿ ಟಿಕೆಟ್ಟು. ಆರ್‌ಎಸಿ ಅನ್ನೋದು ಈ ಜೋಡಿಯ ಇನ್ನೊಂದು ರೂಪ. ಒಂದು ಸೈಡ್ ಲೋವರ್ ಬರ್ತ್‌ನ್ನ ಇಬ್ಬರಿಗೆ ಹಂಚಿ ಕೂರಿಸ್ತಾರೆ, ಯಾರಾದ್ರೂ ಬರದೇ ಇದ್ರೆ ಆ ಬರ್ತ್ ಇವರಿಗೆ ಸಿಗುತ್ತೆ. ಪೂರ್ತಿ ದುಡ್ಡು ಕೊಟ್ಟು ರಾತ್ರಿಯಿಡೀ ಕಾಲು ಮಡಚಿಕೊಂಡು ಕೂತೋರಿಗೆ ಇದರ ಕಷ್ಟ ಗೊತ್ತು. ಆದ್ರೂ ರೈಲು ಹತ್ತೋಕಾದ್ರೂ ಆಯ್ತಲ್ಲ ಅನ್ನೋ ಸಮಾಧಾನ ಅದರಲ್ಲಿದೆ.

ಈ ಹಲಗೆ ಮೆತ್ತಗಾಗಿದ್ದಕ್ಕೂ ಒಂದು ಚರಿತ್ರೆ ಇದೆ. ಎರಡನೇ ದರ್ಜೆಯಲ್ಲಿ ಬರೀ ಮರದ ಹಲಗೆ ಇದ್ದ ಕಾಲದಲ್ಲಿ, 1977ರಲ್ಲಿ ಜನತಾ ಸರ್ಕಾರದ ರೈಲ್ವೆ ಮಂತ್ರಿಯಾದ ಮಧು ದಂಡವತೆ ಅದಕ್ಕೆ ಎರಡು ಇಂಚಿನ ಫೋಮ್ ಹಾಕಿಸಿದ್ರು. ಬಡವನಿಗೂ ರಾತ್ರಿ ನಿದ್ದೆ ಬೇಕು ಅನ್ನೋ ತೀರ್ಮಾನ ಅದು. ಇವತ್ತಿನ ಚರ್ಚೆಯೂ ಅಲ್ಲಿಗೇ ಬಂದು ನಿಲ್ಲುತ್ತೆ.

ಈಗ ಏನಾಗ್ತಾ ಇದೆ?

ಹೊಸದಾಗಿ ಬಂದಿರೋ ರೈಲುಗಳನ್ನ ನೋಡ್ರಿ. ಬೆಂಗಳೂರು–ಧಾರವಾಡ ವಂದೇ ಭಾರತ್ 2023ರ ಜೂನ್ 27ಕ್ಕೆ ಶುರುವಾಯ್ತು. ಕಲಬುರಗಿ–ಬೆಂಗಳೂರು 2024ರ ಮಾರ್ಚ್‌ನಲ್ಲಿ, ಬೆಂಗಳೂರು–ಬೆಳಗಾವಿ 2025ರ ಆಗಸ್ಟ್ 10ಕ್ಕೆ. ಮೂರೂ ಬರೀ ಸೀಟಿನ ರೈಲು, ಅದೂ ಎಸಿ ಸೀಟು. ಬೆಂಗಳೂರು–ಹುಬ್ಬಳ್ಳಿ ಜನಶತಾಬ್ದಿಯೂ ಸೀಟಿನ ರೈಲೇ. ಆದ್ರೆ ಅದರಲ್ಲಿ ಎಸಿ ಚೇರ್ ಕಾರ್ ಜತೆಗೆ ಕಡಿಮೆ ದರದ ಸೆಕೆಂಡ್ ಸಿಟ್ಟಿಂಗ್ ಬೋಗಿಗಳೂ ಇದಾವೆ.

ಇನ್ನೊಂದು ಕಡೆ ಮಲಗೋರಿಗೇ ಅಂತ ಬೇರೆ ರೈಲು ಬಂತು. ದೇಶದ ಮೊದಲ ವಂದೇ ಭಾರತ್ ಸ್ಲೀಪರ್ 2026ರ ಜನವರಿ 17ಕ್ಕೆ ಹೌರಾ–ಕಾಮಾಖ್ಯ ನಡುವೆ ಚಾಲನೆ ಪಡೀತು. 16 ಬೋಗಿ, 823 ಜನ. ಅದರಲ್ಲಿ 3 ಎಸಿ ಬೋಗಿ 11, 2 ಎಸಿ ಬೋಗಿ 4, ಫಸ್ಟ್ ಎಸಿ 1. ಇಲ್ಲಿ ನಮ್ಮಂಥೋರು ಗಮನಿಸಬೇಕಾದ ಮಾತು ಎರಡು. ಒಂದು, ಇದರಲ್ಲಿ ಆರ್‌ಎಸಿ ಇಲ್ಲ. ಬರ್ತ್ ಇದ್ರೆ ಇದೆ, ಇಲ್ಲಾಂದ್ರೆ ಇಲ್ಲ. ಎರಡು, ನೀವು 150 ಕಿ.ಮೀ. ಹೋದ್ರೂ ದರ 400 ಕಿ.ಮೀ.ಗೆ ಕೊಡಬೇಕು. 3 ಎಸಿಗೆ ಆ ಕನಿಷ್ಠ ದರ ಜಿಎಸ್‌ಟಿ ಬಿಟ್ಟು 960 ರೂಪಾಯಿ.

ಎಸಿ ಇಲ್ಲದೋರಿಗೆ ಅಮೃತ್ ಭಾರತ್ ಇದೆ. 2023ರ ಡಿಸೆಂಬರ್ 30ಕ್ಕೆ ಶುರುವಾದ ಮೊದಲ ಎರಡು ರೈಲುಗಳಲ್ಲಿ ಒಂದು ಮಾಲ್ದಾದಿಂದ ಬೆಂಗಳೂರಿಗೇ ಬರುತ್ತೆ. ಆಗ ಅದರಲ್ಲಿ 12 ಸ್ಲೀಪರ್, 8 ಜನರಲ್ ಬೋಗಿ ಇಟ್ಟಿದ್ರು. ಸೀಟೂ ಇದೆ, ಬರ್ತೂ ಇದೆ. ಆದ್ರೆ ಸೀಟಿನ ಬೋಗಿಯಲ್ಲಿ ಕಾಯ್ದಿರಿಸುವ ವ್ಯವಸ್ಥೆ ಇಲ್ಲ, ಯಾರು ಮೊದಲು ನುಗ್ಗಿದ್ರೋ ಅವರಿಗೆ.

ಒಟ್ಟಿನಲ್ಲಿ ದುಡ್ಡಿದ್ದೋರಿಗೆ ಹಗಲು ಎಸಿ ಸೀಟು, ರಾತ್ರಿ ಎಸಿ ಬರ್ತ್. ಇಲ್ಲದೋರಿಗೆ ಸ್ಲೀಪರ್ ಅಥವಾ ಜನರಲ್. ನಡುವೆ ಇರೋನು, ಅಂದ್ರೆ ಹಗಲು ಕಡಿಮೆ ದರಕ್ಕೆ ಖಾತ್ರಿ ಸೀಟು, ರಾತ್ರಿ ಖಾತ್ರಿ ಬರ್ತ್ ಬೇಕು ಅನ್ನೋನು, ತಾನೇ ಕೂತು ಜೋಡಿಸಬೇಕು.

ಸೀಟು ಅಂದ್ರೆ ಅಗ್ಗ ಅಂತಲ್ಲ

ಇಲ್ಲಿ ಮೊದಲ ತಪ್ಪು ಲೆಕ್ಕ ಆಗುತ್ತೆ. ಕೂತು ಹೋಗೋದು ಮಲಗಿ ಹೋಗೋದಕ್ಕಿಂತ ಅಗ್ಗ ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಮಾಮೂಲಿ ಎಕ್ಸ್‌ಪ್ರೆಸ್ ರೈಲುಗಳಲ್ಲಿ ದರದ ಮೆಟ್ಟಿಲು ಹೀಗಿದೆ: ಎಲ್ಲಕ್ಕಿಂತ ಕೆಳಗೆ ಸೆಕೆಂಡ್ ಸಿಟ್ಟಿಂಗ್, ಅದರ ಮೇಲೆ ಸ್ಲೀಪರ್, ಅದರ ಮೇಲೆ ಎಸಿ ಚೇರ್ ಕಾರ್, ಆಮೇಲೆ 3 ಎಸಿ, 2 ಎಸಿ, ಫಸ್ಟ್ ಎಸಿ. ಎಸಿ ಸೀಟು ಯಾವಾಗಲೂ ಸ್ಲೀಪರ್ ಬರ್ತ್‌ಗಿಂತ ತುಟ್ಟಿ. ವಂದೇ ಭಾರತ್ ಚೇರ್ ಕಾರ್ ಇನ್ನೂ ತುಟ್ಟಿ, ಊಟ ಬೇಡ ಅಂತ ಬುಕ್ಕಿಂಗ್ ವೇಳೆ ಗುರುತು ಮಾಡಿದ್ರೆ ಅಷ್ಟು ಮಾತ್ರ ಕಡಿಮೆ ಆಗುತ್ತೆ. ಹಂಗಾಗಿ ಸೀಟು ಸೇರಿಸಿ ದುಡ್ಡು ಉಳಿಸಬೇಕು ಅಂದ್ರೆ ಆ ಸೀಟು ಸೆಕೆಂಡ್ ಸಿಟ್ಟಿಂಗ್ ಆಗಿರಬೇಕು, ಇಲ್ಲಾ ಜನರಲ್ ಆಗಿರಬೇಕು. ಎಸಿ ಸೀಟಿನಲ್ಲಿ ಉಳಿಯೋದು ಸಮಯ, ದುಡ್ಡಲ್ಲ.

ಎರಡನೇ ವಿಷಯ ಕನಿಷ್ಠ ದೂರ. ರೈಲ್ವೆ ದರಪಟ್ಟಿಯಲ್ಲಿ ಪ್ರತಿ ದರ್ಜೆಗೂ ಒಂದು ಕನಿಷ್ಠ ದೂರ ಇದೆ. ಅದಕ್ಕಿಂತ ಕಡಿಮೆ ಹೋದ್ರೂ ಅಷ್ಟಕ್ಕೇ ದುಡ್ಡು. ಎಕ್ಸ್‌ಪ್ರೆಸ್ ರೈಲಿನ ಸೆಕೆಂಡ್ ಕ್ಲಾಸ್‌ಗೆ 50 ಕಿ.ಮೀ., ಚೇರ್ ಕಾರ್‌ಗೆ 150, ಸ್ಲೀಪರ್‌ಗೆ 200, 3 ಎಸಿ ಮತ್ತು 2 ಎಸಿಗೆ 300. ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಸುಮಾರು 110 ಕಿ.ಮೀ. ಅಷ್ಟಕ್ಕೆ ಸ್ಲೀಪರ್ ಟಿಕೆಟ್ ತಗೊಂಡ್ರೆ 200 ಕಿ.ಮೀ. ದರ, 3 ಎಸಿ ತಗೊಂಡ್ರೆ 300 ಕಿ.ಮೀ. ದರ. ಎರಡು ತಾಸಿನ ದಾರಿಗೆ ಇದು ಶುದ್ಧ ದಂಡ. ತತ್ಕಾಲ್‌ನಲ್ಲಿ ಈ ಕನಿಷ್ಠ ದೂರ ಇನ್ನೂ ಜಾಸ್ತಿ: 3 ಎಸಿ ತತ್ಕಾಲ್‌ಗೆ 500 ಕಿ.ಮೀ. ರಾಣೆಬೆನ್ನೂರಿನಿಂದ ಬೆಂಗಳೂರಿಗೆ ಇರೋದು ಸುಮಾರು 360 ಕಿ.ಮೀ. ಅಷ್ಟೇ.

ಮೂರನೇದು ಬಹಳ ಮುಖ್ಯ. ಮಾಮೂಲಿ ರೈಲುಗಳಲ್ಲಿ ದೂರ ಹೆಚ್ಚಿದ ಹಾಗೆ ಕಿಲೋಮೀಟರ್‌ಗೆ ಬೀಳುವ ದರ ಇಳೀತಾ ಹೋಗುತ್ತೆ. ಹೋಲ್‌ಸೇಲ್ ಅಂಗಡಿಯಲ್ಲಿ ಒಂದು ಡಜನ್‌ಗಿಂತ ಒಂದು ಗ್ರೋಸ್ ತಗೊಂಡ್ರೆ ರೇಟು ಬಿಡ್ತಾರಲ್ಲ, ಹಂಗೇ. 2000 ಕಿ.ಮೀ.ಯ ಒಂದು ಟಿಕೆಟ್ ಬೆಲೆ, 1000 ಕಿ.ಮೀ.ಯ ಎರಡು ಟಿಕೆಟ್‌ಗಿಂತ ಸಾಕಷ್ಟು ಕಡಿಮೆ. ಟಿಕೆಟ್ ಒಡೆದ ಕೂಡ್ಲೇ ಈ ರಿಯಾಯಿತಿ ಕೈ ಬಿಡುತ್ತೆ. ಅದರ ಮೇಲೆ ಕಾಯ್ದಿರಿಸುವ ಶುಲ್ಕ ಎರಡು ಸಲ: ಸೆಕೆಂಡ್ ಸಿಟ್ಟಿಂಗ್‌ಗೆ 15 ರೂಪಾಯಿ, ಸ್ಲೀಪರ್‌ಗೆ 20, 3 ಎಸಿಗೆ 40. ಎರಡೂ ಸೂಪರ್‌ಫಾಸ್ಟ್ ಆದ್ರೆ ಆ ಶುಲ್ಕವೂ ಎರಡು ಸಲ: 15, 30, 45 ರೂಪಾಯಿ ಕ್ರಮವಾಗಿ. ವಂದೇ ಭಾರತ್ ಸ್ಲೀಪರ್‌ನಲ್ಲಿ ಮಾತ್ರ ಈ ದೂರದ ರಿಯಾಯಿತಿಯೇ ಕಾಣಲ್ಲ. 400 ಕಿ.ಮೀ.ಗೆ 960 ಆದ್ರೆ 1000 ಕಿ.ಮೀ.ಗೆ 2400, ಅಂದ್ರೆ ಕಿಲೋಮೀಟರ್‌ಗೆ ಅದೇ 2 ರೂಪಾಯಿ 40 ಪೈಸೆ.

ಮೂರು ಪ್ರಯಾಣ, ಮೂರು ಲೆಕ್ಕ

ಮೊದಲನೇದು ಬೆಂಗಳೂರು ಖರೀದಿ. ಬಟ್ಟೆ, ಸ್ಟೇಷನರಿ, ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯವರು ಚಿಕ್ಕಪೇಟೆಗೆ ಹೋಗುವ ದಾರಿ ಇದು. ಹೋಗುವಾಗ ರಾಣಿ ಚೆನ್ನಮ್ಮದಂಥ ರಾತ್ರಿ ರೈಲಿನಲ್ಲಿ ಸ್ಲೀಪರ್ ಹಿಡಿದ್ರೆ ಎರಡು ಲಾಭ: ಬೆಳಿಗ್ಗೆ ಬೆಂಗಳೂರಲ್ಲಿ ಇರ್ತೀರಿ, ಲಾಡ್ಜ್ ದುಡ್ಡು ಉಳಿಯುತ್ತೆ. ಬರುವಾಗ ಮತ್ತೊಂದು ರಾತ್ರಿ ರೈಲಿನಲ್ಲೇ ಕಳೀಬೇಕಾ ಅನ್ನೋದು ಪ್ರಶ್ನೆ. ಬೆಳಗಾವಿ ವಂದೇ ಭಾರತ್ ಬೆಂಗಳೂರನ್ನ ಬಿಡೋದು ಮಧ್ಯಾಹ್ನ. ಅದರಲ್ಲಿ ಸೀಟು ಹಿಡಿದ್ರೆ ಸಂಜೆಗೆ ದಾವಣಗೆರೆ, ಅಲ್ಲಿಂದ ಬಸ್ಸಿಗೆ ಊರು, ರಾತ್ರಿ ಮನೆ ಊಟ. ಆದ್ರೆ ಚಿಕ್ಕಪೇಟೆ ಅಂಗಡಿ ಬಾಗಿಲು ತೆಗೆಯೋದೇ ಹತ್ತು ಗಂಟೆ ಮೇಲೆ. ವಸೂಲಿ, ಸ್ಯಾಂಪಲ್ ನೋಡೋದು, ಆರ್ಡರ್ ಕೊಡೋದು ಇದ್ರೆ ಈ ಜೋಡಿ ಸರಿ. ನಾಲ್ಕು ಅಂಗಡಿ ಸುತ್ತಿ ಚೌಕಾಸಿ ಮಾಡಿ ಮಾಲು ಕಟ್ಟಿಸಬೇಕು ಅಂದ್ರೆ ರಾತ್ರಿ ರೈಲೇ ಸರಿ. ಸೀಟಿಗೆ ಕೊಡುವ ಹೆಚ್ಚಿನ ದುಡ್ಡು, ಮರುದಿನ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಅಂಗಡಿ ತೆಗೆಯೋದರಲ್ಲಿ ಹುಟ್ಟುತ್ತಾ ಅನ್ನೋದು ನಿಮ್ಮ ಲೆಕ್ಕ.

ಮಾಲಿನ ಬಗ್ಗೆ ಒಂದು ಎಚ್ಚರಿಕೆ. ಸ್ಲೀಪರ್, ಚೇರ್ ಕಾರ್, 3 ಎಸಿಯಲ್ಲಿ ಒಬ್ಬರಿಗೆ ಉಚಿತ ಲಗೇಜ್ ಮಿತಿ 40 ಕಿಲೋ, ಸೆಕೆಂಡ್ ಕ್ಲಾಸ್‌ನಲ್ಲಿ 35 ಕಿಲೋ. ಅದೂ ಸ್ವಂತ ಬಳಕೆಯ ಸಾಮಾನಿಗೆ. ವ್ಯಾಪಾರದ ಮಾಲನ್ನ ನಿಯಮದ ಪ್ರಕಾರ ಪಾರ್ಸೆಲ್‌ನಲ್ಲೇ ಹಾಕಬೇಕು. ಸೀಟಿನ ರೈಲಿನಲ್ಲಿ ಬರ್ತ್ ಕೆಳಗಿನ ಜಾಗ ಅಂತ ಇರಲ್ಲ, ತಲೆ ಮೇಲಿನ ರ‍್ಯಾಕ್ ಅಷ್ಟೇ.

ಎರಡನೇದು ಹುಬ್ಬಳ್ಳಿಯಲ್ಲಿ ರೈಲು ಬದಲಿಸಿ ಮುಂಬೈ ಕಡೆ ಹೋಗುವ ದಾರಿ. ಇಲ್ಲಿ ಜೋಡಿಸೋದು ನಿಜಕ್ಕೂ ಕೆಲಸ ಮಾಡುತ್ತೆ. ರಾಣೆಬೆನ್ನೂರು ಅಥವಾ ಹಾವೇರಿಯಿಂದ ಹುಬ್ಬಳ್ಳಿವರೆಗೆ ಹಗಲು ಸೀಟು, ಅಲ್ಲಿಂದ ದಾದರ್ ಕಡೆಯ ರೈಲಿನಲ್ಲಿ ರಾತ್ರಿಗೆ ಬರ್ತ್. ಮೊದಲ ತುಂಡು ಸಣ್ಣದು, ಆದ್ದರಿಂದ ದೂರದ ರಿಯಾಯಿತಿ ಹೋದ್ರೂ ನಷ್ಟ ಸಣ್ಣದು. ಆ ತುಂಡಿಗೆ ಸ್ಲೀಪರ್ ತಗೊಳ್ಳದೇ ಇದ್ರೆ ಕನಿಷ್ಠ ದೂರದ ದಂಡವೂ ತಪ್ಪುತ್ತೆ. ಸಣ್ಣ ತುಂಡಿಗೆ ಸೀಟು, ಉದ್ದ ತುಂಡಿಗೆ ಬರ್ತ್: ಈ ಒಂದು ಸೂತ್ರ ನೆನಪಿಟ್ಟುಕೊಂಡ್ರೆ ಸಾಕು.

ಮೂರನೇದು ದಿಲ್ಲಿಯಂಥ ಎರಡು ರಾತ್ರಿಯ ಪ್ರಯಾಣ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ನವದೆಹಲಿ ಸುಮಾರು 2400 ಕಿ.ಮೀ., ಹತ್ತಿರ ಹತ್ತಿರ 40 ತಾಸು. ಇದರಲ್ಲಿ ಮಲಗುವ ಸಮಯ ಎರಡು ರಾತ್ರಿ ಸೇರಿ 16 ತಾಸು. ನಡುವಿನ ಹಗಲಿಗೆ ಸೀಟು ಮಾಡ್ಕೊಂಡ್ರೆ? ಮೊದಲ ಅಡ್ಡಿ ಅಂದ್ರೆ ಇಂಥ ದೂರದ ರೈಲುಗಳಲ್ಲಿ ಸಾಮಾನ್ಯವಾಗಿ ಕಾಯ್ದಿರಿಸಿದ ಸೀಟಿನ ಬೋಗಿಯೇ ಇರಲ್ಲ. ಇರೋದು ಜನರಲ್. ಅಂದ್ರೆ ಬೆಳಿಗ್ಗೆ ಬರ್ತ್ ಬಿಟ್ಟು ಇಳಿದು, ಗದ್ದಲದ ಜನರಲ್ ಬೋಗಿ ಹತ್ತಿ, ಸಂಜೆ ಮತ್ತೆ ಬೇರೆ ಬೋಗಿಗೆ ಓಡಬೇಕು. ಎರಡನೇ ಅಡ್ಡಿ ಲೆಕ್ಕದ್ದು. ಸ್ಲೀಪರ್ ದರ ಸೆಕೆಂಡ್ ಕ್ಲಾಸ್ ದರದ ಎರಡು ಪಟ್ಟಿನ ಆಸುಪಾಸು ಮಾತ್ರ. ಮೂರು ತುಂಡು ಮಾಡಿದ್ರೆ ಉಳಿಯುವ ದುಡ್ಡನ್ನೆಲ್ಲ ಕೈಬಿಟ್ಟ ರಿಯಾಯಿತಿ ಮತ್ತು ಮೂರು ಸಲದ ಶುಲ್ಕವೇ ನುಂಗಿಬಿಡುತ್ತೆ. 3 ಎಸಿ ದರ ಸ್ಲೀಪರ್‌ನ ಎರಡೂವರೆ ಪಟ್ಟು ಇರೋದರಿಂದ ಅಲ್ಲಿ ಒಂದಿಷ್ಟು ಉಳೀಬಹುದು. ಆದ್ರೆ ಮೂರೂ ತುಂಡು ಖಚಿತ ಆಗಬೇಕು. ಮಧ್ಯದ ಒಂದು ವೇಟಿಂಗ್ ಲಿಸ್ಟ್‌ನಲ್ಲಿ ಉಳಿದ್ರೆ ಮುಗೀತು. ವೇಟಿಂಗ್ ಟಿಕೆಟ್ ಹಿಡ್ಕೊಂಡು ಸ್ಲೀಪರ್, ಎಸಿ ಬೋಗಿ ಹತ್ತೋ ಹಾಗಿಲ್ಲ ಅನ್ನೋದನ್ನ 2025ರ ಮೇ ತಿಂಗಳಿಂದ ಬಿಗಿ ಮಾಡಿದಾರೆ.

ಹಂಗಾಗಿ ನೇರ ರೈಲು ಇದ್ರೆ, ಎರಡು ರಾತ್ರಿಯ ದಾರಿಯನ್ನ ಕತ್ತರಿಸೋಕೆ ಹೋಗಬೇಡ್ರಿ. ಆ ಬರ್ತ್ ಹಗಲು ಹೆಂಗೂ ನಿಮ್ಮ ಸೀಟೇ.

ಮೊದಲ ರೈಲು ತಡವಾದ್ರೆ?

ಜೋಡಿಸಿದ ಪ್ರಯಾಣದ ದೊಡ್ಡ ಭಯ ಇದು. ಸೀಟಿನ ರೈಲು ಎರಡು ತಾಸು ತಡ, ಬರ್ತ್ ಇರೋ ರೈಲು ಹೊರಟು ಹೋಯ್ತು. ಇದಕ್ಕೆ ರೈಲ್ವೆಯಲ್ಲಿ ಒಂದು ರಕ್ಷಣೆ ಇದೆ, ಬಹಳ ಜನ ಬಳಸ್ಕೊಳ್ಳಲ್ಲ. 2019ರ ಏಪ್ರಿಲ್ 1ರಿಂದ ಎರಡು ಪಿಎನ್‌ಆರ್‌ಗಳನ್ನ ಒಂದಕ್ಕೊಂದು ಜೋಡಿಸಬಹುದು. ಮೊದಲ ರೈಲಿನ ತಡದಿಂದ ಎರಡನೇದು ತಪ್ಪಿದ್ರೆ, ಹೋಗದೇ ಉಳಿದ ದಾರಿಯ ದುಡ್ಡನ್ನ ರದ್ದತಿ ಶುಲ್ಕ ಇಲ್ಲದೇ ವಾಪಸ್ ಕೊಡ್ತಾರೆ.

ಷರತ್ತು ಇದಾವೆ. ಎರಡೂ ಟಿಕೆಟ್‌ನಲ್ಲಿ ಪ್ರಯಾಣಿಕರ ಹೆಸರು, ವಿವರ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಮೊದಲ ರೈಲು ಮುಟ್ಟುವ ಊರು, ಎರಡನೇದು ಹತ್ತುವ ಊರು ಒಂದೇ ಆಗಿರಬೇಕು. ಮೊದಲ ರೈಲು ನಿಜಕ್ಕೂ ಬಂದು ಮುಟ್ಟಿದ ಮೂರು ತಾಸಿನೊಳಗೆ ಅರ್ಜಿ ಹಾಕಬೇಕು. ಇ-ಟಿಕೆಟ್ ಆದ್ರೆ ಟಿಡಿಆರ್, ಕೌಂಟರ್ ಟಿಕೆಟ್ ಆದ್ರೆ ಅದೇ ನಿಲ್ದಾಣದಲ್ಲಿ ಟಿಕೆಟ್ ಒಪ್ಪಿಸಬೇಕು. ಜನರಲ್ ಟಿಕೆಟ್‌ಗೆ ಪಿಎನ್‌ಆರ್ ಇರಲ್ಲ, ಹಂಗಾಗಿ ಅದನ್ನ ಜೋಡಿಸೋಕೂ ಬರಲ್ಲ. ಹತ್ತಿಪ್ಪತ್ತು ರೂಪಾಯಿ ಹೆಚ್ಚಾದ್ರೂ ಮೊದಲ ತುಂಡಿಗೆ ಸೆಕೆಂಡ್ ಸಿಟ್ಟಿಂಗ್ ಕಾಯ್ದಿರಿಸೋದೇ ಜಾಣತನ.

ಆದ್ರೆ ಒಂದು ಮಾತು. ದುಡ್ಡು ವಾಪಸ್ ಬರುತ್ತೆ, ಬರ್ತ್ ವಾಪಸ್ ಬರಲ್ಲ. ಮುಂದಿನ ರೈಲಿನಲ್ಲಿ ಜಾಗ ಕೊಡಬೇಕು ಅನ್ನೋ ಹೊಣೆ ರೈಲ್ವೆಗಿಲ್ಲ. ಅದಕ್ಕೇ ಎರಡು ರೈಲಿನ ನಡುವೆ ಮೂರು ತಾಸಾದ್ರೂ ಬಿಡುವು ಇಟ್ಕೊಳ್ಳಿ.

ಇನ್ನೊಂದು ದಾರಿ ರೈಲಿನಲ್ಲೇ ಜೋಡಿಸೋದು. ಕೆಳಗಿನ ದರ್ಜೆಯ ಟಿಕೆಟ್ ಇದ್ದು, ಮೇಲಿನ ದರ್ಜೆಯಲ್ಲಿ ಬರ್ತ್ ಖಾಲಿ ಇದ್ರೆ ಟಿಟಿಇಗೆ ವ್ಯತ್ಯಾಸದ ದುಡ್ಡು ಕೊಟ್ಟು ರಸೀದಿ ಪಡೆದು ಹೋಗಬಹುದು. ಆದ್ರೆ ಖಾಲಿ ಬರ್ತ್ ಮೊದಲು ಆರ್‌ಎಸಿಯವರಿಗೆ. ಚಾರ್ಟ್ ಆದ ಮೇಲೆ ಯಾವ ಬೋಗಿಯಲ್ಲಿ, ಯಾವ ನಿಲ್ದಾಣದಿಂದ ಯಾವ ನಿಲ್ದಾಣದವರೆಗೆ ಬರ್ತ್ ಖಾಲಿ ಇದೆ ಅನ್ನೋದನ್ನ ಐಆರ್‌ಸಿಟಿಸಿಯಲ್ಲೇ ನೋಡಬಹುದು. ಅದನ್ನ ನೋಡಿ ಕೇಳಿದ್ರೆ ಇಲ್ಲ ಅನ್ನೋದು ಅವರಿಗೂ ಕಷ್ಟ. ರಸೀದಿ ಇಲ್ಲದೇ ಮಾತ್ರ ದುಡ್ಡು ಕೊಡಬೇಡಿ. ಕೇಳದೇ ಹೋಗಿ ಕೂತು ಸಿಕ್ಕಿಬಿದ್ರೆ ವ್ಯತ್ಯಾಸದ ದುಡ್ಡಿನ ಜತೆ ಕನಿಷ್ಠ 250 ರೂಪಾಯಿ ದಂಡ.

ಬೇರೆ ದೇಶದಲ್ಲಿ ಹೆಂಗಿದೆ?

ಹಗಲು ಸೀಟು, ರಾತ್ರಿ ಹಾಸಿಗೆ ಅನ್ನೋ ಈ ಜೋಡಣೆ ಅಮೆರಿಕದಲ್ಲಿ ಮಾಮೂಲಿ. ಅಲ್ಲಿನ ಆಮ್‌ಟ್ರಾಕ್ ಕಂಪನಿಯ ದೂರದ ರೈಲುಗಳಲ್ಲಿ ಬರ್ತ್ ಬೋಗಿ ಅಂತ ನಮ್ಮ ಸ್ಲೀಪರ್ ಥರದ್ದು ಇಲ್ಲ. ಒಂದೋ ಹಿಂದಕ್ಕೆ ಬಾಗುವ ಸೀಟು, ಇಲ್ಲಾ ಇಬ್ಬರಿಗೆ ಆಗುವ ಸಣ್ಣ ಕೋಣೆ. ಶಿಕಾಗೋದಿಂದ ಕ್ಯಾಲಿಫೋರ್ನಿಯಾಕ್ಕೆ ಎರಡು ರಾತ್ರಿ, ಸುಮಾರು 3900 ಕಿ.ಮೀ. ಪ್ರತಿಯೊಬ್ಬರೂ ಪ್ರಯಾಣದ ದರ ಕೊಡಬೇಕು, ಕೋಣೆಗೆ ಬೇರೆ ಬಾಡಿಗೆ, ಅದರಲ್ಲೇ ಊಟ ಸೇರಿರುತ್ತೆ. ಕೋಣೆ ಬಾಡಿಗೆ ಬೇಡಿಕೆ ನೋಡಿ ಏರಿಳಿಯುತ್ತೆ. ಅದಕ್ಕೇ ಅಲ್ಲಿನೋರು ಒಂದು ರಾತ್ರಿಗೆ ಮಾತ್ರ ಕೋಣೆ, ಉಳಿದ ದಾರಿಗೆ ಸೀಟು ಅಂತ ಮಾಡ್ಕೊಳ್ತಾರೆ. ಕೋಣೆಯನ್ನ ಇಬ್ಬರು ಹಂಚ್ಕೊಂಡ್ರೆ ಬಾಡಿಗೆ ಅರ್ಧ ಆಗುತ್ತೆ, ಒಬ್ಬರೇ ಇದ್ರೆ ಪೂರ್ತಿ ಬೀಳುತ್ತೆ.

ಯುರೋಪಿನಲ್ಲಿ ಆಸ್ಟ್ರಿಯಾ ರೈಲ್ವೆಯ ನೈಟ್‌ಜೆಟ್ ರೈಲುಗಳಲ್ಲಿ ಒಂದೇ ರೈಲಿಗೆ ಸೀಟು, ನಮ್ಮ ಬರ್ತ್ ಥರದ ಹಲಗೆ, ಕೋಣೆ ಮೂರನ್ನೂ ಇಟ್ಟಿರ್ತಾರೆ. ಅವರವರ ಜೇಬಿಗೆ ತಕ್ಕ ಹಾಗೆ.

ನಮ್ಮಲ್ಲಿ ಬರ್ತ್‌ಗೆ ಬೇರೆ ಬಾಡಿಗೆ ಇಲ್ಲ, ಕಿಲೋಮೀಟರ್ ದರದಲ್ಲೇ ಅದು ಸೇರಿದೆ. ಅಮೆರಿಕದ ಉಪಾಯ ಇಲ್ಲಿ ನಡೆಯದೇ ಇರೋಕೆ ಕಾರಣ ಇದೇ. ನಿಜ ಹೇಳಬೇಕಂದ್ರೆ ಬಡವರ ದೃಷ್ಟಿಯಲ್ಲಿ ನಮ್ಮ ಸ್ಲೀಪರ್ ವ್ಯವಸ್ಥೆಯೇ ವಾಸಿ. ಅಲ್ಲಿ ದುಡ್ಡಿಲ್ಲದೋನು ಎರಡು ರಾತ್ರಿಯೂ ಕೂತೇ ಕಳೀಬೇಕು. ಇಲ್ಲಿ ಸ್ಲೀಪರ್ ಸಿಕ್ಕಿದ್ರೆ ಕೂಲಿ ಮಾಡೋನಿಗೂ ಬೆನ್ನು ಚಾಚೋಕೆ ಆರಡಿ ಇದೆ. ಸಿಕ್ಕಿದ್ರೆ ಅನ್ನೋದೇ ಈಗ ತೊಂದರೆ.

ಪೆಟ್ಟು ಯಾರಿಗೆ?

ಒಬ್ಬನೇ ಹೋಗೋ ಹುಡುಗ ಮೊಬೈಲ್‌ನಲ್ಲಿ ಎರಡು ಟಿಕೆಟ್ ಹೊಂದಿಸಿ, ಪಿಎನ್‌ಆರ್ ಜೋಡಿಸಿ, ಬ್ಯಾಗು ಹೆಗಲಿಗೆ ಹಾಕ್ಕೊಂಡು ಹೋಗಿಬಿಡ್ತಾನೆ. ವಯಸ್ಸಾದ ತಂದೆ ತಾಯಿಯನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋರ ಕಥೆ ಬೇರೆ. ನಡುವೆ ರೈಲು ಬದಲಿಸೋದು ಅಂದ್ರೆ ಮೇಲ್ಸೇತುವೆ ಹತ್ತಿ ಇಳಿಯೋದು, ಮೂರು ತಾಸು ಪ್ಲಾಟ್‌ಫಾರ್ಮ್‌ನಲ್ಲಿ ಕಾಯೋದು. ಹಿರಿಯರಿಗಿದ್ದ ದರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿದ್ದು ಮತ್ತೆ ಬಂದಿಲ್ಲ. ಉಳಿದಿರೋದು ಕೆಳಗಿನ ಬರ್ತ್‌ನ ಆದ್ಯತೆ: 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ. ಸೀಟಿನ ರೈಲಿನಲ್ಲಿ ಅದಕ್ಕೆ ಅರ್ಥವೇ ಇಲ್ಲ.

ಮಕ್ಕಳಿರೋ ಮನೆಯವರು ಇನ್ನೊಂದು ನೋಡಬೇಕು. 5ರಿಂದ 11 ವರ್ಷದ ಮಗುವಿಗೆ ಸ್ಲೀಪರ್, 3 ಎಸಿಯಲ್ಲಿ ಬೇರೆ ಬರ್ತ್ ಬೇಡ ಅಂದ್ರೆ ಅರ್ಧ ದರ. ಚೇರ್ ಕಾರ್, ಸೆಕೆಂಡ್ ಸಿಟ್ಟಿಂಗ್‌ನಲ್ಲಿ ಆ ಆಯ್ಕೆ ಇಲ್ಲ, ಪೂರ್ತಿ ದರ ಕೊಟ್ಟು ಸೀಟು ತಗೋಬೇಕು. ಇಬ್ಬರು ಸಣ್ಣ ಮಕ್ಕಳಿದ್ರೆ ಸೀಟಿನ ಉಳಿತಾಯ ಅಲ್ಲೇ ಮುಗೀತು.

ದರವೂ ಮೇಲೇರ್ತಾ ಇದೆ. 2025ರ ಜುಲೈ 1ರಿಂದ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಎಸಿ ಇಲ್ಲದ ದರ್ಜೆಗೆ ಕಿಲೋಮೀಟರ್‌ಗೆ 1 ಪೈಸೆ, ಎಸಿಗೆ 2 ಪೈಸೆ ಏರಿಸಿದ್ರು, ಅದೇ ಡಿಸೆಂಬರ್‌ನಲ್ಲಿ ಮತ್ತೊಂದು ಸಲ ಏರಿತು. ಪೈಸೆ ಲೆಕ್ಕ ಸಣ್ಣದೇ. ಆದ್ರೆ ಸಮಸ್ಯೆ ಪೈಸೆಯದ್ದಲ್ಲ, ಆಯ್ಕೆಯದ್ದು. 20 ರೂಪಾಯಿ ಹೆಚ್ಚು ಕೊಡೋಕೆ ಜನ ಒಪ್ಪಿಕೊಳ್ತಾರೆ, ಕೊಟ್ಟ ಮೇಲೂ ಸ್ಲೀಪರ್ ಸಿಗಲ್ಲ, ಇರೋದು ಎಸಿ ಮಾತ್ರ ಅಂದ್ರೆ ಏನು ಮಾಡೋದು?

ಏನು ಕೇಳಬೇಕು?

ನಮ್ಮ ಊರಿನ ಬೇಡಿಕೆ ಯಾವಾಗಲೂ ನಿಲುಗಡೆಯದ್ದೇ ಆಗಿರುತ್ತೆ. ಇಲ್ಲಿ ವಂದೇ ಭಾರತ್ ನಿಲ್ಲಿಸಿ, ಅಲ್ಲಿ ನಿಲ್ಲಿಸಿ ಅಂತ. ನಿಲುಗಡೆ ಬೇಕು, ತಪ್ಪಲ್ಲ. ಆದ್ರೆ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ, ಕೈಗೆಟಕುವ ದೂರದಲ್ಲಿದೆ. ವರ್ತಕರ ಸಂಘದವರು, ಜನಪ್ರತಿನಿಧಿಗಳು, ರೈಲ್ವೆ ಬಳಕೆದಾರರ ಸಲಹಾ ಸಮಿತಿಯಲ್ಲಿ ಕೂರೋರು ಇನ್ನೂ ಮೂರು ವಿಷಯ ಎತ್ತಬಹುದು.

ಒಂದು, ಈ ಮಾರ್ಗದ ದೂರದ ರೈಲುಗಳಿಗೆ ಒಂದೆರಡು ಕಾಯ್ದಿರಿಸಿದ ಸೆಕೆಂಡ್ ಸಿಟ್ಟಿಂಗ್ ಬೋಗಿ ಸೇರಿಸೋದು. ಹಾವೇರಿಯಿಂದ ಹುಬ್ಬಳ್ಳಿಗೆ, ದಾವಣಗೆರೆಗೆ ಹೋಗೋರು ಈಗ ಬೇರೆ ದಾರಿ ಇಲ್ಲದೇ ಸ್ಲೀಪರ್ ಬೋಗಿಗೆ ನುಗ್ತಾರೆ. ಜಗಳ ಆಗೋದು ಅಲ್ಲೇ. ಅವರಿಗೆ ಸೀಟು ಕೊಟ್ರೆ ಮಲಗೋರಿಗೂ ನೆಮ್ಮದಿ.

ಎರಡು, ಒಂದೇ ಟಿಕೆಟ್‌ನಲ್ಲಿ ಇಷ್ಟು ದೂರ ಸೀಟು, ಇಷ್ಟು ದೂರ ಬರ್ತ್ ಅಂತ ಮೊಬೈಲ್‌ನಲ್ಲೇ ತಗೊಳ್ಳುವ ವ್ಯವಸ್ಥೆ, ಅದಕ್ಕೆ ಪೂರ್ತಿ ದೂರದ ರಿಯಾಯಿತಿ. ಪ್ರಯಾಣಿಕ ಬೇರೆ ಬೇರೆ ದರ್ಜೆಯಲ್ಲಿ ಹೋದ ಮಾತ್ರಕ್ಕೆ ಅವನು ಹೋದ ದೂರ ಕಡಿಮೆ ಆಗಲ್ಲವಲ್ಲ.

ಮೂರು, ಜೋಡಿಸಿದ ಪಿಎನ್‌ಆರ್‌ನಲ್ಲಿ ರೈಲು ತಪ್ಪಿದ್ರೆ ದುಡ್ಡಿನ ಜತೆ ಮುಂದಿನ ರೈಲಿನಲ್ಲಿ ಜಾಗಕ್ಕೆ ಆದ್ಯತೆ.

ಅಲ್ಲಿವರೆಗೆ ಲೆಕ್ಕ ನಮ್ಮ ಕೈಯಲ್ಲೇ. ಈಗ ಮುಂಗಡ ಬುಕ್ಕಿಂಗ್ 120 ದಿನ ಅಲ್ಲ, 60 ದಿನ. 2024ರ ನವೆಂಬರ್ 1ರಿಂದ ಬದಲಾಗಿದೆ. ದಿನ ಗೊತ್ತಾದ ಕೂಡ್ಲೇ ಮೊದಲು ಉದ್ದ ತುಂಡಿನ ಬರ್ತ್ ಹಿಡಿಯಿರಿ, ಆಮೇಲೆ ಸಣ್ಣ ತುಂಡಿನ ಸೀಟು. ಬರ್ತ್ ಖಚಿತ ಆಗದೇ ಸೀಟಿಗೆ ದುಡ್ಡು ಹಾಕಬೇಡಿ. ಸೀಟು ತಪ್ಪಿದ್ರೆ ಹುಬ್ಬಳ್ಳಿಗೆ ಬಸ್ಸಿದೆ, ಮುಂಬೈ ರೈಲಿನ ಬರ್ತ್ ತಪ್ಪಿದ್ರೆ ಆ ರಾತ್ರಿ ನಿಂತೇ ಕಳೀಬೇಕು.